ಗೋಡೆಯಾಚೆಯ ಗಿರಿಜಕ್ಕ

ಇಲ್ಲದವರ ದನಿ ಕೇಳಿತು, ದೂರದಲ್ಲಿದ್ದವರು ಎದುರಿಗೇ ಕಂಡರು ಎನ್ನುವವರ ಮಾತನ್ನು ನಾನು ನಂಬಿದವಳಲ್ಲ. ಇಂಥ ಕಥೆ ಹೊತ್ತು ತಂದ ಹುಡುಗಿಯರಿಗೆ ನಮ್ಮ ಕಾನ್ವೆಂಟಿನ ಸಿಸ್ಟರು ಇನ್ನೊಂದು ಕರವಸ್ತ್ರ ಕೊಟ್ಟು ಅಂಚು ಹೊಲಿಯಲು ಕೂರಿಸುತ್ತಿದ್ದರು. ನನಗೆ ಅದೇ ಸರಿ ಅನಿಸುತ್ತಿತ್ತು. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಹಿಂದಿನ ಮಹಾಯುದ್ಧ ಮುಗಿಯುತ್ತಿದ್ದ ವರ್ಷ ಇನ್‌ಫ್ಲುಯೆಂಜಾ ಜ್ವರ ಮಂಗಳೂರಿಗೂ ಬಂತು. ಆಗ ನನಗೆ ಏಳು ತಿಂಗಳು, ಚೊಚ್ಚಲು. ಮೊದಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ಕ್ರಮ. ಅಮ್ಮ ತೀರಿಹೋಗಿದ್ದ ನನಗೆ ತವರೆಂದರೆ ವಾಮಂಜೂರಿನ ಗದ್ದೆ ಬದಿಯ ಮನೆ ಮತ್ತು ಅಪ್ಪ. ದಾರಿಯಲ್ಲೆಲ್ಲ ಜ್ವರ ಇರುವಾಗ ಮಗಳು ಬರುವುದು ಬೇಡ, ಬೇಕಾದದ್ದನ್ನು ತಾನೇ ಕಳಿಸುತ್ತೇನೆ ಎಂದು ಅಪ್ಪ ಹೇಳಿ ಕಳುಹಿಸಿದರು.

ಬಸುರಿಯ ಕಿವಿಗೆ ಸಾವಿನ ಸುದ್ದಿ ಬೀಳಬಾರದೆಂಬುದು ನಮ್ಮ ಮನೆಯ ಇನ್ನೊಂದು ಕ್ರಮ. ಅತ್ತೆ ನನ್ನನ್ನು ಒಳಕೋಣೆಯಲ್ಲಿರಿಸಿ, ಬೀದಿ ಕಡೆಯ ಕಿಟಕಿ ಮುಚ್ಚಿ, ಸಂದಿಗೆ ಹಳೇ ಬಟ್ಟೆ ತುರುಕಿದರು. ಹಂಚಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದ ನನ್ನ ಗಂಡ ಜಗುಲಿಯಲ್ಲೇ ಉಂಡು ಅಲ್ಲೇ ಮಲಗುತ್ತಿದ್ದರು. ಯಾರ ಬಗ್ಗೆ ಕೇಳಿದರೂ ಅತ್ತೆಯದು ಒಂದೇ ಉತ್ತರ: "ಎಲ್ಲ ಹುಷಾರಿದ್ದಾರೆ. ನೀನು ಊಟ ಮಾಡು ಬಾಯೆ." ದಿನಕ್ಕೆ ಹತ್ತು ಸಲ ಅದನ್ನು ಕೇಳಿ ಕೇಳಿ, ಹುಷಾರು ಎಂಬ ಪದಕ್ಕೇ ನಾನು ಹೆದರತೊಡಗಿದೆ. ಮಾಡಿನಲ್ಲಿದ್ದ ಒಂದೇ ಒಂದು ಗಾಜಿನ ಹಂಚಿನಿಂದ ಬಿದ್ದ ಬಿಸಿಲು ಪೆಟ್ಟಿಗೆಯಿಂದ ಭರಣಿಯವರೆಗೆ ಸರಿಯುವುದನ್ನು ನೋಡುತ್ತ ಕೂರುವುದೇ ನನ್ನ ದಿನವಾಯಿತು.

ಶನಿವಾರ ಶನಿವಾರ ಅಪ್ಪನಿಂದ ಗೆಣಸಿನ ಕಟ್ಟು ಬರುತ್ತಿತ್ತು. ಬಾಳೆನಾರಿನಲ್ಲಿ ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಮಡಚಿ, ಒಮ್ಮೆ ಎಳೆದರೆ ಬಿಚ್ಚಿಕೊಳ್ಳುವಂಥ ಗಂಟು ಅಪ್ಪನದು. ಒಂದು ಶನಿವಾರ ಬಂದ ಕಟ್ಟಿನಲ್ಲಿ ನಾರೇನೋ ಬಾಳೆಯದೇ, ಆದರೆ ಗಂಟು ಎಳೆದಷ್ಟೂ ಬಿಗಿಯಾಯಿತು. ಅತ್ತೆ ಆಚೆ ನೋಡುತ್ತ, "ನಿನ್ನ ಅಪ್ಪ ಕಳಿಸಿದ್ದು," ಎಂದರು. ಆ ದಿನದಿಂದ ನನಗೆ ಗಂಜಿ ಇಳಿಯಲಿಲ್ಲ. ಅತ್ತೆ ಅತ್ತ ಹೋದಾಗ ಅದನ್ನು ಬಚ್ಚಲಿಗೆ ಚೆಲ್ಲಿ, ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಮೂರನೆಯ ದಿನ ಬೆಳಗಿನಿಂದ ಮಗು ಅಲುಗಾಡಲಿಲ್ಲ. ಅದನ್ನು ಯಾರಿಗೆ ಹೇಳುವುದೆಂದೂ ತಿಳಿಯಲಿಲ್ಲ. ಮಗು ಹೋದರೂ ಇವರು 'ಹುಷಾರಿದೆ' ಎಂದೇ ಹೇಳುತ್ತಾರೆ ಎಂದು ನನಗೆ ಆಗ ಖಂಡಿತವಾಗಿ ಅನಿಸಿತ್ತು.

ನಮ್ಮದು ಸಾಲುಮನೆ. ಪಕ್ಕದ ಮನೆಗೂ ನಮಗೂ ನಡುವಿನ ಗೋಡೆ ಮಾಡಿನವರೆಗೆ ಏರಿರಲಿಲ್ಲ, ಆಚೆಯ ಮಾತು ಈಚೆಗೆ ಕೇಳುತ್ತಿತ್ತು. ಆಚೆ ಇದ್ದವಳು ಗಿರಿಜಕ್ಕ, ತುಳುವರ ಸೊಸೆ. ಅವಳಿಗೂ ನನ್ನಷ್ಟೇ ತಿಂಗಳು. ಅಳುವುದಕ್ಕೆ ಕೂಗುವುದು ಎನ್ನುವವಳು. ಅಂದು ಮಧ್ಯಾಹ್ನ ಗೋಡೆಯ ಮೇಲಿನಿಂದ ಅವಳ ದನಿ ಬಂತು.

"ಎಂತಕ್ಕೆ ಕೂಗುದು ಬಾಯಮ್ಮ? ಮೂರು ದಿನ ಆಯ್ತು, ನಿಮ್ಮಿಂದ ನಂಗೆ ನಿದ್ದೆ ಇಲ್ಲ."

"ಗಿರಿಜಕ್ಕ, ನಿಮ್ಮನ್ನೂ ಒಳಗೆ ಹಾಕಿದ್ದಾರಾ?"

"ಹಾಕದೆ ಇರ್ತಾರಾ? ಎಂತ ಕೇಳಿದ್ರೂ 'ಏನಿಲ್ಲ, ತಿನ್ನು' ಅಂತ. ನಮ್ಮ ಗಬ್ಬದ ದನಕ್ಕೂ ಹೀಗೇ ಹೇಳುದು. ಅದಾದರೂ ಹಾಯ್ಲಿಕ್ಕೆ ಬರ್ತದೆ!"

ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ನಗುತ್ತಲೇ ಅಳು ಬಂದು, ಗಂಟಿನ ವಿಷಯವನ್ನೂ ಮಗುವಿನ ವಿಷಯವನ್ನೂ ಹೇಳಿಬಿಟ್ಟೆ.

"ಮಗುವಿಗೆ ಹಸಿವು ಮಾರಾಯ್ರೆ, ಬೇರೆಂತ ಇಲ್ಲ. ಒಂದು ತುಂಡು ಬೆಲ್ಲ ತಿಂದು ಎಡಕ್ಕೆ ಮಲಗಿ. ಮತ್ತೆ ಎದ್ದು ಅತ್ತೆ ಹತ್ತಿರ ಕೇಳಿ, ಅಪ್ಪ ಉಂಟಾ ಇಲ್ವಾ ಅಂತ. ಇಲ್ಲದಿದ್ರೆ ಇಲ್ಲ. ಕೂಗಿ, ಮುಖ ತೊಳೆದು ಊಟ ಮಾಡಿ. ಗೊತ್ತಿಲ್ಲದೆ ಕೂಗಿದ್ರೆ ಅದು ಮುಗಿಲಿಕ್ಕೇ ಇಲ್ಲ."

ಭರಣಿಯಿಂದ ಬೆಲ್ಲ ತೆಗೆದು ತಿಂದು ಮಲಗಿದೆ. ಸ್ವಲ್ಪ ಹೊತ್ತಿಗೆ ಪಕ್ಕೆಯ ಕೆಳಗೆ ಮಗು ಒಮ್ಮೆ, ಮತ್ತೊಮ್ಮೆ ಒದೆಯಿತು. ನಾನೇ ಬಾಗಿಲು ತೆರೆದು ಅಡುಗೆಮನೆಗೆ ಹೋಗಿ ಕೇಳಿದೆ.

ಅತ್ತೆ ಹೊಸ್ತಿಲಲ್ಲೇ ಕುಸಿದು ಕೂತರು. ಅಪ್ಪ ಹೋಗಿ ಆರು ದಿನಗಳಾಗಿದ್ದವು. "ಗೆಣಸು ನಾನೇ ತಂದದ್ದು ಬಾಯೆ. ಅವರ ಹಾಗೆ ಕಟ್ಟಲಿಕ್ಕೆ ಎಷ್ಟು ಸಲ ನೋಡಿದೆ, ನಂಗೆ ಬರಲಿಲ್ಲ," ಎಂದು ಅವರೂ ಅತ್ತರು. ಕತ್ತಲಾಗುವವರೆಗೆ ಅತ್ತೆವು. ಆಮೇಲೆ ಅವರ ಕೈಯಿಂದಲೇ ಎರಡು ಬಟ್ಟಲು ಗಂಜಿ ಕುಡಿದೆ.

ಇಷ್ಟಾದ ಮೇಲೆ ಅತ್ತೆ ಕೇಳಿದರು, "ನಿಂಗೆ ಹೇಳಿದ್ದು ಯಾರು?"

ಗಿರಿಜಕ್ಕ ಎಂದೆ. ಅವರು ಮೆಲ್ಲನೆ ಶಿಲುಬೆಯ ಗುರುತು ಮಾಡಿಕೊಂಡರು. ಗಿರಿಜಕ್ಕನನ್ನು ನೇತ್ರಾವತಿ ದಾಟಿಸಿ ತೊಕ್ಕೊಟ್ಟಿನ ತವರಿಗೆ ಕರೆದೊಯ್ದು ಮೂರು ವಾರ ಕಳೆದಿತ್ತು. ಅವಳ ಗಂಡನ ಮನೆಯವರೂ ಊರು ಬಿಟ್ಟಿದ್ದರು. ಅತ್ತೆ ದೀಪ ಹಿಡಿದು ನನ್ನನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದು ತೋರಿಸಿದರು. ಆಚೆ ಮನೆಯ ಬಾಗಿಲಿಗೆ ಬೀಗ, ಬೀಗಕ್ಕೆ ಜೇಡರ ಬಲೆ.

ಹೊಟ್ಟೆಗಿಲ್ಲದೆ ತಲೆ ತಿರುಗಿ ನನ್ನ ಮಾತೇ ನನಗೆ ಕೇಳಿರಬೇಕು ಎಂದು ಇಗರ್ಜಿಯ ಪಾದ್ರಿಗಳು ಹೇಳಿದರು. ನಾನೂ ಒಪ್ಪಿಕೊಂಡೆ. ಹೆರಿಗೆ ಸುಖವಾಗಿ ಆಯಿತು. ಹೆಣ್ಣುಮಗು.

ಜ್ವರ ಇಳಿದು ಬೀದಿಗಳಲ್ಲಿ ಜನ ಓಡಾಡತೊಡಗಿದ ಮೇಲೆ ಗಿರಿಜಕ್ಕ ಮಗನನ್ನು ಎತ್ತಿಕೊಂಡು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಕೇಳಿದ್ರಾ ಮತ್ತೆ, ಅತ್ತೆ ಹತ್ತಿರ?"

ಚಾಪೆ ಹಾಸಿ ಅವಳನ್ನು ಕೂರಿಸಿ, ಯಾವಾಗ, ಎಲ್ಲಿಂದ ಎಂದು ಕೇಳಿದೆ. ತವರಿನಲ್ಲಿ ಅವಳನ್ನು ಮಲಗಿಸಿದ್ದ ಕೋಣೆಯ ಪಕ್ಕ ಭತ್ತದ ಕೋಣೆಯಂತೆ. ಅಲ್ಲಿಂದ ಮೂರು ದಿನ ನನ್ನ ಅಳು ಅವಳಿಗೆ ಕೇಳಿತ್ತು. ಜ್ವರಕ್ಕೆ ಹೆದರಿ ನನ್ನನ್ನೂ ಅಲ್ಲಿಗೆ ಕರೆತಂದಿದ್ದಾರೆ ಎಂದೇ ಅವಳು ತಿಳಿದಿದ್ದಳು. ನನಗೆ ಬುದ್ಧಿ ಹೇಳಿದ ಮೇಲೆ ಅವಳಿಗೂ ಧೈರ್ಯ ಬಂದು, ಅದೇ ಸಂಜೆ ತನ್ನ ತಾಯಿಯನ್ನು ಕೇಳಿದಳಂತೆ. ಅವಳ ತಮ್ಮ ಜ್ವರದಲ್ಲಿ ಹೋಗಿದ್ದ.

ನಾವಿಬ್ಬರೂ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದೆವು. ಕೊನೆಗೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು, "ಯಾರು ಯಾರ ಹತ್ತಿರ ಬಂದದ್ದು ಬಾಯಮ್ಮ?"

ಆ ಮಧ್ಯಾಹ್ನ ಕದ ಹಾಕಿದ್ದು ಇಬ್ಬರಿಗೂ. ನಮ್ಮಲ್ಲಿ ಯಾರೂ ಎಲ್ಲಿಗೂ ಹೋದವರಲ್ಲ.