ತಂಗಿಯ ಅಂಗಳಕ್ಕೆ ಗಿಡ ಆರಿಸಿದ್ದು

ನನ್ನ ತಂಗಿ ಹೆತ್ತ ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಹೆಣ್ಣುಕೂಸು ಉಳಿಯಿತು. ಅದಕ್ಕೆ ಮೂರು ವರ್ಷ ಮುಂಚೆಯೇ ನಾನು ಗಂಡನನ್ನು ಕಳೆದುಕೊಂಡು, ಕುಶಾಲನಗರದ ಹತ್ತಿರದ ನಮ್ಮ ಹಳ್ಳಿಗೆ, ಅಪ್ಪ ಅವ್ವನ ಮನೆಗೆ ಬಂದುಬಿಟ್ಟಿದ್ದೆ. ನನಗೆ ಮಕ್ಕಳಿರಲಿಲ್ಲ. ಕೂಸನ್ನು ಯಾರು ಸಾಕಬೇಕು ಎಂಬ ಮಾತೇ ಏಳಲಿಲ್ಲ. ಅವ್ವ ಅದನ್ನು ತಂದು ನನ್ನ ಮಡಿಲಿಗೆ ಹಾಕಿ, "ಹಸಿನ ಹಾಲಿಗೆ ಅರ್ಧ ನೀರು ಬೆರಸು," ಅಂದಳು. ಅಷ್ಟೇ.

ಕೊಡಗು ಆಗ ತನ್ನಷ್ಟಕ್ಕೆ ಒಂದು ರಾಜ್ಯ, ಹೊಳೆಯಾಚೆ ಮೈಸೂರು. ನಮ್ಮಪ್ಪ ಹಾಸನ ಸೀಮೆಯಿಂದ ಹೊಳೆ ದಾಟಿ ಬಂದು ಇಲ್ಲಿ ಹೊಲ ಮಾಡಿದವರು. ತಂಗಿಯನ್ನು ಕೊಟ್ಟದ್ದು ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವನಿಗೆ. ಆಳುಗಳ ಹಾಜರಿ ಬರೆಯುವುದು, ಅವರನ್ನು ಕೆಲಸಕ್ಕೆ ಹಂಚುವುದು ಅವನ ಪಾಲಿನ ಕೆಲಸ. ಒಳ್ಳೆಯ ಮನುಷ್ಯ. ತಿಂಗಳಿಗೊಮ್ಮೆ ಮಗುವನ್ನು ನೋಡಲು ಬರುತ್ತಿದ್ದ. ಜಗಲಿಯ ಮೇಲೆ ಕೂತು ಅದರ ಕಾಲ್ಬೆರಳು ಹಿಡಿದುಕೊಂಡಿದ್ದು, ಸಂಜೆಯ ಬಸ್ಸಿಗೆ ಹೊರಟುಹೋಗುತ್ತಿದ್ದ.

ಮಗುವಿಗೆ ಎರಡೂವರೆ ವರ್ಷವಾದಾಗ ಅವನು ಮತ್ತೆ ಮದುವೆಯಾದ. ಹುಡುಗಿ ಸಂಪಾಜೆ ಕಡೆಯವಳು. ಅವರೂ ನಮ್ಮ ಹಾಗೆ ಗೌಡರೇ, ಆದರೆ ಮನೆಯಲ್ಲಿ ಆಡುವುದು ಆ ಕಡೆಯ ಅರೆಭಾಷೆ. ಮದುವೆಗೆ ಅಪ್ಪ ಒಬ್ಬರೇ ಹೋಗಿಬಂದರು. ವಿಧವೆಯಾದ ನಾನು ಹೋಗುವ ಪ್ರಶ್ನೆ ಇರಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅವನು ನಮ್ಮ ಮನೆಗೆ ಬಂದ. ಕಾಫಿ ಕುಡಿದು ಮುಗಿಸಿದ ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದ.

"ಮಗೂನ ಕರಕೊಂಡು ಹೋಗೋದು ಅಂತ ಮಾಡಿದೀವಿ ಅಕ್ಕ," ಎಂದ.

ಬೇಡ ಎನ್ನಲು ನನಗೆ ಅಧಿಕಾರವಿರಲಿಲ್ಲ. ಮಗು ಅವನದು.

"ಇನ್ನೊಂದು ಮಾತು. ನಮ್ಮ ಅಂಗಳ ಬರಡು ಬಿದ್ದಿದೆ. ನಿಮ್ಮ ತಂಗಿ ಹೋದ ಮೇಲೆ ಕುಂಡಗಳಿಗೆ ನೀರು ಹಾಕೋರಿಲ್ಲದೆ ಎಲ್ಲಾ ಒಣಗಿಹೋದವು. ಮಗು ಹೊಸ ಮನೆಗೆ ಬರುತ್ತಲ್ಲ, ಅದು ಕಂಡು ಮುಟ್ಟಿದ ಗಿಡಗಳೇ ಅಲ್ಲಿರಲಿ ಅಂತಾಳೆ ಇವಳು. ಅದರ ಮೈಗೆ ಯಾವ್ಯಾವುದು ಒಗ್ಗುತ್ತೆ ಅನ್ನೋದು ಅಕ್ಕನಿಗೇ ಗೊತ್ತು, ಅವರೇ ಆರಿಸಿ ಕೊಡಲಿ ಅಂದಳು."

ಅದು ಒಳ್ಳೆಯ ಮನಸ್ಸಿನ ಮಾತು ಎಂದು ಆಗ ನನಗೆ ತೋರಲಿಲ್ಲ. ಮಗುವನ್ನೂ ತೆಗೆದುಕೊಂಡು ಗಿಡವನ್ನೂ ಕೇಳುತ್ತಾಳಲ್ಲ ಎನ್ನಿಸಿತು.

ಗಿಡ ಆರಿಸಲು ಒಂದು ವಾರ ಹಿಡಿಯಿತು. ತಂಗಿ ಇದ್ದಾಗ ಎರಡು ಸಲ ಹೋಗಿದ್ದರಿಂದ ಆ ಅಂಗಳ ನನಗೆ ಗೊತ್ತಿತ್ತು. ಅಂಗಳವೆಂದರೆ ಕಾಫಿ ಒಣಗಿಸುವ ಕಣದ ಒಂದು ಮೂಲೆ. ನೆಲ ಗಟ್ಟಿಸಿ ಗಟ್ಟಿಸಿ ಕಲ್ಲಾಗಿತ್ತು, ಅಗೆದು ನೆಡುವಂತಿಲ್ಲ. ಕಾಫಿಹಣ್ಣು ಕೀಳುವ ಪಿಕಿಂಗ್ ಶುರುವಾದರೆ ಮನೆಯ ಬಾಗಿಲವರೆಗೂ ಹಣ್ಣು ಹರವುತ್ತಾರೆ, ಆಗ ಗಿಡಗಳನ್ನೆಲ್ಲ ಎತ್ತಿ ಗೋಡೆಯ ಪಕ್ಕ ಇಡಬೇಕು. ಮನೆಯೂ ಎಸ್ಟೇಟಿನದೇ, ಬೇರೆ ತೋಟಕ್ಕೆ ಹೋಗು ಎಂದರೆ ಗಿಡವನ್ನೂ ಹೊತ್ತು ಹೋಗುವಂತಿರಬೇಕು. ಅದಕ್ಕೆ ಎಲ್ಲವೂ ಕುಂಡ, ಡಬ್ಬಗಳಲ್ಲೇ ಆಗಬೇಕು. ಇದರ ಮೇಲೆ ಮಳೆ. ನಮ್ಮ ಕಡೆ ಬೀಳುವುದು ಬಯಲುಸೀಮೆಯಂಥ ಮಳೆ; ಅಲ್ಲಿ ಮೂರು ತಿಂಗಳು ಬಿಡದೆ ಹೊಯ್ಯುತ್ತದೆ. ನಮ್ಮ ಹಿತ್ತಲಲ್ಲಿ ಸೊಂಪಾಗಿ ಬೆಳೆದದ್ದು ಅಲ್ಲಿ ಬೇರು ಕೊಳೆತು ಹೋಗಬಹುದು.

ತಣ್ಣೀರಲ್ಲೇ ಸುಖಪಡುವ ಒಂದೆಲಗವನ್ನು ಬಾಯಗಲದ ಒಡಕು ಹರವಿಯಲ್ಲಿ ಹಬ್ಬಿಸಿದೆ. ಮಜ್ಜಿಗೆ ಹುಲ್ಲಿನ ಒಂದು ಬುಡ ಸೀಮೆಎಣ್ಣೆ ಡಬ್ಬಕ್ಕೆ. ಅದರ ಗರಿ ಎಳೆದು ಮೂಸುವುದು ಮಗುವಿಗೆ ಆಟವಾಗಿತ್ತು. ಪುದೀನ, ಕರಿಬೇವಿನ ಒಂದು ಸಸಿ, ಕನಕಾಂಬರ. ಸುಟ್ಟಗಾಯಕ್ಕೆ ಲೋಳೆಸರ. ಮರುಗ ಅಲ್ಲಿಯ ಮಳೆ ತಡೆಯುವುದಿಲ್ಲವೆಂದು ಗೊತ್ತಿದ್ದರೂ, ಮಗು ಅದನ್ನು ಅಂಗೈಯಲ್ಲಿ ಉಜ್ಜಿಕೊಂಡೇ ನಿದ್ದೆ ಹೋಗುತ್ತಿದ್ದುದರಿಂದ ಎರಡು ಕಡ್ಡಿ ನಾಟಿದೆ. ಸೂರಿನ ಕೆಳಗಿಟ್ಟರೆ ಹೇಗೋ ಬದುಕೀತು. ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮೇಲೆ ಹೆಂಚಿನ ಚೂರು ಮುಚ್ಚಿ, ಹೊಲದ ಮಣ್ಣಿಗೆ ಅಷ್ಟೇ ಹೊಳೆಮರಳು, ಒಣಗಿದ ಸಗಣಿಪುಡಿ ಕಲಸಿ ತುಂಬಿದೆ.

ತುಳಸಿಗೆ ಕೈಹಾಕಿದಾಗ ಅವ್ವ ಬಂದಳು. "ಅದನ್ನ ನಾನು ಹಾಕ್ಕೊಡ್ತೀನಿ ಬಿಡು. ಹೊಸ ಮದ್ವೆ ಹೆಣ್ಣಿನ ಮನೆಗೆ ಹೋಗೋದು," ಅಂದಳು. ಬೇಕೆಂದು ನೋಯಿಸಿದ್ದಲ್ಲ. ಕೈ ತೊಳೆದುಕೊಂಡು ಪಕ್ಕಕ್ಕೆ ನಿಂತೆ.

ಆಮೇಲೆ ಅವ್ವ ಸಾಲಾಗಿಟ್ಟ ಕುಂಡಗಳನ್ನು ನೋಡುತ್ತ, "ದೊಡ್ಡಪತ್ರೆ ಎಲ್ಲೇ?" ಎಂದಳು.

"ಅಲ್ಲಿನ ಮಳೇಗೆ ಅದು ಕೊಳೆತು ಹೋಯ್ತದೆ ಕಣವ್ವ."

"ಮರುಗ ತಗಂಡೋಗ್ತಿದ್ದೀಯ."

ನಾನು ಮುಂದಿನ ಡಬ್ಬಕ್ಕೆ ಮಣ್ಣು ತುಂಬತೊಡಗಿದೆ. ಅವ್ವ ಮತ್ತೆ ಕೇಳಲಿಲ್ಲ.

ಮಗುವಿನ ಎದೆ ಹುಟ್ಟಿದಾಗಿನಿಂದ ಸೂಕ್ಷ್ಮ. ಚಳಿಗಾಳಿ ತಾಗಿದರೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ದೊಡ್ಡಪತ್ರೆಯ ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಆ ರಸಕ್ಕೆ ಒಂದು ತೊಟ್ಟು ಜೇನು ಸೇರಿಸಿ ನಾಲಗೆಗೆ ಹಚ್ಚುತ್ತಿದ್ದೆ. ಬೇರೆ ಯಾವ ಕಷಾಯ ಕೊಟ್ಟರೂ ಉಗುಳಿಬಿಡುತ್ತಿದ್ದ ಮಗು ಇದನ್ನು ಚಪ್ಪರಿಸುತ್ತಿತ್ತು. ಅದು ಗೊತ್ತಿದ್ದೇ ಆ ಗಿಡವನ್ನು ಬಿಟ್ಟೆ. ಮಳೆಗಾಲದಲ್ಲಿ ಮಗು ಕೆಮ್ಮುತ್ತದೆ, ಹೊಸಬಳಿಗೆ ಏನು ಮಾಡಬೇಕೆಂದು ತೋಚುವುದಿಲ್ಲ, ನನಗೆ ಹೇಳಿ ಕಳಿಸುತ್ತಾರೆ, ನಮ್ಮ ಕಡೆ ಮಳೆ ಕಡಿಮೆಯಲ್ಲವೇ, ಮಗು ನಿಮ್ಮಲ್ಲೇ ಇರಲಿ ಎನ್ನುತ್ತಾರೆ. ಇಷ್ಟನ್ನೂ ಆ ವಾರವೇ, ಮಣ್ಣು ಕಲಸುತ್ತ ಕೂತಾಗಲೇ ಯೋಚಿಸಿದ್ದೆ. ಗೊತ್ತಿಲ್ಲದೆ ಆದದ್ದು ಎಂದು ಈಗ ಬರೆದರೆ ಸುಳ್ಳಾಗುತ್ತದೆ.

ಭತ್ತದ ಹುಲ್ಲಿಗೆ ಬಂದಿದ್ದ ಎಸ್ಟೇಟಿನ ಲಾರಿಯಲ್ಲಿ ಕುಂಡಗಳನ್ನಿಟ್ಟುಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ. ಅವನ ಹೊಸ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಹತ್ತಿರ ಬಂದವಳು ಮಗುವಿಗೆ ಕೈಚಾಚಲಿಲ್ಲ. ಅದು ಹೆದರೀತೆಂದು ಮೊದಲು ಮಜ್ಜಿಗೆ ಹುಲ್ಲಿನ ಡಬ್ಬವನ್ನು ಇಳಿಸಿ ಅದರ ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಮಗು ತಾನಾಗಿಯೇ ಅತ್ತ ನಡೆಯಿತು.

ಮಧ್ಯಾಹ್ನ ಒಂದೊಂದೇ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಇದು ಎಂತದಕ್ಕೆ ಅಕ್ಕ? ಎಷ್ಟು ನೀರು?" ಎಂದು ಕೇಳಿದಳು. ಹೇಳಿದೆ. ಬೆರಳು ಮಡಚಿಕೊಂಡು ತಿರುಗಿ ಒಪ್ಪಿಸಿದಳು. ಕೊನೆಗೆ, "ಇಷ್ಟೆಯಾ?" ಎಂದಳು.

"ಇಷ್ಟೇ," ಎಂದೆ.

ಮರುದಿನ ಬೆಳಿಗ್ಗೆ ಹೊರಟಾಗ ಮಗು ಮನೆಯ ಹಿಂದೆ ಕೋಳಿಮರಿಗಳ ಜೊತೆ ಆಡುತ್ತಿತ್ತು. "ಹೇಳಿ ಹೋಗಿ ಅಕ್ಕ. ಹೇಳದೆ ಹೋದರೆ ಹುಡುಕ್ತದೆ," ಎಂದಳು. ನನ್ನಿಂದ ಆಗಲಿಲ್ಲ. ಕದ್ದವಳ ಹಾಗೆ ಬಂದುಬಿಟ್ಟೆ.

ಆಷಾಢದಲ್ಲಿ ಕಾಗದ ಬಂತು. ಮಗುವಿಗೆ ಕೆಮ್ಮು ಹೆಚ್ಚಾಗಿ ಜ್ವರ ಬಂದಿದೆ, ವಿರಾಜಪೇಟೆಯ ಡಾಕ್ಟರರಿಂದ ಔಷಧಿ ತಂದಿದ್ದೇವೆ, ನಿಮ್ಮನ್ನು ಕೇಳುತ್ತಿದೆ, ಸಾಧ್ಯವಾದರೆ ಬನ್ನಿ ಎಂದು ಅವನೇ ಬರೆದಿದ್ದ. ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಎರಡನೆಯ ಸಲ ಓದಿದಾಗ 'ಜ್ವರ' ಎಂಬ ಮಾತು ಕಂಡಿತು. ದೊಡ್ಡಪತ್ರೆಯ ದೊಡ್ಡ ಬುಡವೊಂದನ್ನು ಮಣ್ಣು ಸಮೇತ ಕಿತ್ತು ಡಬ್ಬಕ್ಕೆ ಇಳಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಳೆ. ವಿರಾಜಪೇಟೆಯಲ್ಲಿ ಬಸ್ಸು ಬದಲಿಸಿ, ಎಸ್ಟೇಟಿನ ಮಣ್ಣುದಾರಿಯಲ್ಲಿ ನಡೆದು ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು.

ನನ್ನ ಕುಂಡಗಳೆಲ್ಲ ಸೂರಿನ ಕೆಳಗೆ ಸಾಲಾಗಿದ್ದವು. ಒಂದೂ ಸತ್ತಿರಲಿಲ್ಲ, ಮರುಗವೂ. ಅವಳು ಒಲೆಯ ಹತ್ತಿರ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಲೆ ಬಾಚಿ ನಾಲ್ಕು ದಿನವಾಗಿರಬೇಕು. ಮಗುವಿನ ಪಕ್ಕೆ ಉಸಿರಿಗೊಮ್ಮೆ ಒಳಗೆ ಹೋಗುತ್ತಿತ್ತು. ನನ್ನನ್ನು ನೋಡಿ ಅದು ಕೈ ಎತ್ತಿತು, ಆದರೆ ಮಡಿಲಿನಿಂದ ಏಳಲಿಲ್ಲ.

ನಾನು ಎಲೆ ಕಿತ್ತು ಕೆಂಡದ ಮೇಲಿಟ್ಟೆ. ವಾಸನೆ ಬಂದ ಕೂಡಲೇ ಅವಳು ತಲೆಯೆತ್ತಿ ನೋಡಿದಳು.

"ಇದು ಮಗುವಿಗೆ ಕೊಡಬಹುದಾ ಅಕ್ಕ?"

"ಮೊದಲಿನಿಂದ ಇದನ್ನೇ ಕೊಡ್ತಿದ್ದದ್ದು."

ಅವಳಿಗೆ ಅರ್ಥವಾಗಲಿಲ್ಲ. ನಿಧಾನವಾಗಿ ಹೇಳಿದಳು. "ನಮ್ಮ ಊರಲ್ಲೂ ಉಂಟು ಇದು. ಸಾಂಬ್ರಾಣಿ ಅಂತೇವೆ. ಕೆಮ್ಮಿಗೆ ಎಲ್ಲಾ ಮಕ್ಕಳಿಗೂ ಕೊಡ್ತೇವೆ. ಆಳುಗಳ ಲೈನ್ ಮನೆಯ ಹೆಂಗಸು ಒಬ್ಬಳು ಮೊನ್ನೆ ಒಂದು ಹಿಡಿ ತಂದು ಕೊಟ್ಲು ಸಹ. ಆದರೆ ನೀವು ಆರಿಸಿ ತಂದದ್ದರಲ್ಲಿ ಇದು ಇರ್ಲಿಲ್ಲ. ಈ ಮಗುವಿಗೆ ಇದು ಆಗುದಿಲ್ಲ ಕಾಣ್ತದೆ, ಆಗುದಾದ್ರೆ ಅಕ್ಕ ಬಿಡ್ತಿರ್ಲಿಲ್ಲ ಅಂತ ನಾನು ಎಲೆಯನ್ನು ಹೊರಗೆ ಹಾಕಿದೆ."

ಎಲೆ ಕೆಂಡದ ಮೇಲೆ ಕಪ್ಪಾಗುತ್ತಿತ್ತು. ತೆಗೆದು ಹಿಂಡಿದೆ. ಬೆರಳು ಸುಟ್ಟದ್ದು ಗೊತ್ತಾಗಲಿಲ್ಲ. ಮಗುವಿನ ನಾಲಗೆಗೆ ರಸ ಹಚ್ಚಿದ ಮೇಲೆ ನಾನು ಹೇಳಿದೆ.

"ಆಗದೆ ಬಿಟ್ಟದ್ದಲ್ಲ. ಕೆಮ್ಮು ಬಂದರೆ ನನ್ನನ್ನೇ ಕರೀತೀರಿ ಅಂತ ಬೇಕಂತಲೇ ತರಲಿಲ್ಲ."

ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗುವಿನ ಬಾಯಿ ಒರೆಸಿ ಬೆನ್ನು ಸವರಿದಳು. ಆಮೇಲೆ ನನ್ನ ಮುಖ ನೋಡದೆಯೇ ಕೇಳಿದಳು.

"ಇನ್ನೂ ಎಂತಾದ್ರೂ ಬಿಟ್ಟಿದ್ದೀರಾ?"

ಆ ಸಂಜೆ ಒಲೆಯ ಮುಂದೆ ಕೂತು ನೆನಪಿದ್ದದ್ದನ್ನೆಲ್ಲ ಹೇಳಿದೆ. ಬೆಲ್ಲದ ನೀರು ಕೊಟ್ಟರೆ ಅದಕ್ಕೆ ಹೊಟ್ಟೆ ಕೆಡುತ್ತದೆ. ಗುಡುಗಿಗೆ ಹೆದರುವುದಿಲ್ಲ, ಬೀಸುವ ಕಲ್ಲಿನ ಸದ್ದಿಗೆ ಹೆದರುತ್ತದೆ. ಅಳುವಾಗ ಎತ್ತಿಕೊಳ್ಳಬಾರದು, ಪಕ್ಕದಲ್ಲಿ ಕೂರಬೇಕು. ಅವಳು ಈ ಸಲ ಬೆರಳು ಮಡಚಲಿಲ್ಲ. ಮಗುವಿನ ಮುಖ ನೋಡುತ್ತ ಕೇಳಿಕೊಂಡಳು.

ಆರನೆಯ ದಿನ ಜ್ವರ ಬಿಟ್ಟಿತು. ಡಾಕ್ಟರರ ಔಷಧಿಯಿಂದಲೋ ಎಲೆಯ ರಸದಿಂದಲೋ ಹೇಳಲಾರೆ. ಅಷ್ಟು ದಿನವೂ ಅವಳು ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದಳು. ಊಟಕ್ಕೆ ಮಾತ್ರ ಮೊದಲು ನನ್ನನ್ನೇ ಕರೆದು ಬಡಿಸುತ್ತಿದ್ದಳು. ನಾನು ಬೇಕಂತಲೇ ಗಿಡ ಬಿಟ್ಟದ್ದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನ ಮುಖದಲ್ಲೇ ನನಗೆ ತಿಳಿಯುತ್ತಿತ್ತು. ಹೊರಡುವ ದಿನ ನಾನು ಮಗುವಿನ ಮುಂದೆ ಕೂತು, "ನಾನು ಊರಿಗೆ ಹೋಗಿ ಬರ್ತೀನಿ," ಎಂದೆ. ಅತ್ತಿತು. ಅವಳು ಎತ್ತಿಕೊಳ್ಳಲಿಲ್ಲ, ಪಕ್ಕದಲ್ಲಿ ಕೂತಳು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ನಂಗೆ ಅವತ್ತೇ ಗೊತ್ತಿತ್ತು. ನಾನಾದ್ರೂ ಹೇಳ್ಬೇಕಿತ್ತು," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗು ಅವಳನ್ನು ಯಾವತ್ತಿನಿಂದ ಅವ್ವ ಎಂದು ಕರೆಯತೊಡಗಿತೋ ನನಗೆ ತಿಳಿಯದು. ಮುಂದಿನ ಬೇಸಿಗೆಯಲ್ಲಿ ಮೂವರೂ ನಮ್ಮ ಮನೆಗೆ ಬಂದಾಗ ಹಾಗೆ ಕರೆಯುತ್ತಿತ್ತು. ನನ್ನನ್ನು ದೊಡ್ಡವ್ವ ಎಂದಿತು. ಯಾರೋ ಚೆನ್ನಾಗಿ ಕಲಿಸಿದ್ದರು. ನಾನು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಎಲೆ ಹಾಕಿ ಎಲ್ಲರಿಗೂ ಬಡಿಸಿದೆ.