ಮೂರೂ ಬೀದಿಗೆ ಹಾರನ್

ಕೋವಿಡ್ ಕಳೆದು ಸಭೆ ಸಮಾರಂಭಗಳು ಮತ್ತೆ ಶುರುವಾಗಿದ್ದ ವರ್ಷ. ಅಲ್ಲಿಯವರೆಗೆ ಆರ್ಕೆಸ್ಟ್ರಾ, ನಾಟಕ, ಮದುವೆ ರಿಸೆಪ್ಷನ್ ಅಂತ ಅಲೆದಿದ್ದ ನಾನು ಒಂದು ರಾಕ್ ಬ್ಯಾಂಡಿಗೆ ಲೈವ್ ಸೌಂಡ್ ಎಂಜಿನಿಯರ್ ಆಗಿ ಸೇರಿದೆ. ಮಿಕ್ಸರ್ ಮುಂದೆ ನಿಂತು, ಯಾವ ಸದ್ದು ಎಷ್ಟು ಕೇಳಬೇಕೆಂದು ನೋಡಿಕೊಳ್ಳುವ ಕೆಲಸ. ಬ್ಯಾಂಡಿನಲ್ಲಿದ್ದವರು ಮೂವರು. ಹಾಡುವ ಚೇತನ್ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಮನೆಯವರು ಹೆಣ್ಣುಮಗುವೆಂದು ಹೆಸರಿಟ್ಟಿದ್ದವನು. ಡ್ರಮ್ಸ್ ಬಾರಿಸುವ ರಫಿಯಾ ಹೆಣ್ಣನ್ನೇ ಪ್ರೀತಿಸುವವಳು, ಬಾಸ್ ಗಿಟಾರಿನ ನೋಯೆಲ್ ಗಂಡನ್ನು. ಕ್ವಿಯರ್ ಬ್ಯಾಂಡ್ ಎಂದೇ ಪೋಸ್ಟರಿನಲ್ಲಿ ಹಾಕಿಸುತ್ತಿದ್ದರು. ಯಾವ ಕಂಪನಿಯ ಹಂಗೂ ಇಲ್ಲ, ಹಾಡುಗಳೆಲ್ಲ ಸ್ವಂತದವು.

ನಮ್ಮದು ಒಂದು ಟೆಂಪೋ ಟ್ರಾವೆಲರ್. ಅದರ ಹಿಂದಿನ ಸೀಟುಗಳನ್ನು ಕಿತ್ತು ಸ್ಪೀಕರ್ ತುಂಬಿದ್ದೆವು. ರಾಮನಗರ, ಚನ್ನಪಟ್ಟಣ, ಕನಕಪುರ ಮುಗಿಸಿ ಕೊನೆಗೆ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ. ಸಾಮಾನು ಇಳಿಸು, ಕಟ್ಟು, ಬಿಚ್ಚು, ಮತ್ತೆ ಹತ್ತಿಸು. ಒಂದೂರಿನಲ್ಲಿ ಬೆನ್ನು ಚಾಚುವಷ್ಟರಲ್ಲಿ ಇನ್ನೊಂದೂರು. ಈ ಗಡಿಬಿಡಿ ನನಗೆ ಹೊಸದಲ್ಲ. ಆದರೆ ಚೇತನ್ ಕೂತಲ್ಲಿ ಕೂರುತ್ತಿರಲಿಲ್ಲ. ಕೆಂಗಲ್ ಹತ್ತಿರ ಕಾಫಿ ಬೇಕೆಂದು ಗಾಡಿ ನಿಲ್ಲಿಸಿದ, ಕಾಫಿ ಬರುವ ಮೊದಲೇ ಹೊರಡೋಣ ಅಂದ. ನನಗೆ ರೇಗಿಹೋಯಿತು.

"ಏನಾಗೈತೆ ನಿಂಗೆ?" ಅಂದೆ.

ತಿಪ್ಪಸಂದ್ರ ಅವನ ಊರು. ಅಲ್ಲಿನ ಯುವಕ ಸಂಘದವರು ಕರೆದಾಗ ಹೂಂ ಅಂದುಬಿಟ್ಟಿದ್ದ. ಮನೆಗೆ ಬರಬೇಡ ಎಂದು ಅಪ್ಪ ಹೇಳಿ ವರ್ಷಗಳಾಗಿದ್ದವು. ಅವ್ವ ಮಾತ್ರ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಇವನು ಅಕ್ಷರದಲ್ಲೇ ಉತ್ತರ ಕೊಡುತ್ತಿದ್ದ, ಫೋನ್ ಬಂದರೆ ಎತ್ತುತ್ತಿರಲಿಲ್ಲ. ಹಾರ್ಮೋನ್ ಚಿಕಿತ್ಸೆಯಲ್ಲಿ ಅವನ ದನಿ ಪೂರಾ ಗಂಡಸಿನದಾಗಿತ್ತು.

"ಈ ಗಂಟ್ಲು ಕೇಳುದ್ರೆ ಅವ್ವ ನನ್ ಮಗ್ಳು ಸತ್ತೋದ್ಲು ಅನ್ಕೊಬುಡ್ತಾಳೆ ಅಕ್ಕ. ಭವನದ ಒಳಗೇ ಹಾಡಿ ಹೊಂಟೋಗನ. ಸದ್ದು ಆಚೆ ಹೋಗ್ಬಾರ್ದು."

ಹೋಗುವುದಿಲ್ಲ ಎಂದು ಮಾತು ಕೊಟ್ಟೆ.

ಮಧ್ಯಾಹ್ನ ಸಮುದಾಯ ಭವನದಲ್ಲಿ ಸಾಮಾನು ಜೋಡಿಸುತ್ತಿದ್ದಾಗ ಆ ಊರಿನ ಮೈಕ್‌ಸೆಟ್ ನಂಜಣ್ಣ ಬಂದರು. ಮಳೆ ಬಂದರೆ ಜನ ವರಾಂಡದಲ್ಲಿ ನಿಂತು ಕೇಳಲಿ, ಅಲ್ಲಿಗೊಂದು ಲೈನ್ ಕೊಡಿ ಎಂದರು. ಒಂದು ಚಿಕ್ಕ ಸ್ಪೀಕರ್ ಬಾಕ್ಸಿಗೆ ಏನಂತೆ ಎಂದು ಕೊಟ್ಟೆ.

ಮೊದಲ ಹಾಡಿನ ಅರ್ಧದಲ್ಲಿ ನನ್ನ ಕಿವಿ ಚುರುಕಾಯಿತು. ಚೇತನ್ ಒಂದು ಸಾಲು ಮುಗಿಸಿದ ಮೇಲೆ ಅದೇ ಸಾಲು ದೂರದಿಂದ ಇನ್ನೊಮ್ಮೆ ಬರುತ್ತಿತ್ತು. ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಅಷ್ಟು ತಡವಾಗುವುದಿಲ್ಲ. ಎಲ್ಲೋ ದೂರದಲ್ಲಿ ಹಾರನ್, ಅಂದರೆ ಕಂಬಕ್ಕೆ ಕಟ್ಟುವ ಅಗಲಬಾಯಿಯ ಸ್ಪೀಕರ್, ಕೂಗುತ್ತಿದೆ ಎಂದೇ ಅರ್ಥ. ನಂಜಣ್ಣನನ್ನು ಕೂಗಿದೆ.

"ಮೂರೂ ಬೀದಿಗೆ ಹಾರನ್ ಕಟ್ಟಿವ್ನಿ ಕಣಮ್ಮ," ಎಂದರು, ಹೆಮ್ಮೆಯಿಂದ. "ಒಂದ್ ಬೀದಿಗ್ ಹಾಕಿ ಇನ್ನೊಂದ್ ಬುಟ್ರೆ ಬೇಜಾರ್ ಮಾಡ್ಕತಾರೆ. ನಮ್ಮೂರಾಗೆ ಯಾವ್ ಕಾರ್ಯ ಆದ್ರೂ ಹಂಗೇಯ."

ಅವರ ಲೈನಿನ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿಯನ್ನು ಸರ್ರನೆ ಕೆಳಗೆಳೆದೆ. ಹಾಡು ಮುಗಿಯುತ್ತಲೇ ಟಾಕ್‌ಬ್ಯಾಕ್ ಒತ್ತಿದೆ. ಅದರಲ್ಲಿ ಆಡಿದ ಮಾತು ಹಾಡುವವರ ಇಯರ್‌ಫೋನಿಗೆ ಮಾತ್ರ ಕೇಳಿಸುತ್ತದೆ. "ಚೇತನ್, ಹಾರನ್‌ನಲ್ಲಿ ನಿನ್ನ ದನಿ ಊರಿಗೆಲ್ಲ ಹೋಗಿತ್ತು. ಈಗ ಕಟ್ ಮಾಡಿದೀನಿ. ಮನೆಗೂ ಕೇಳಿಸಿರುತ್ತೆ."

ಗಾಡಿಯಲ್ಲಿ ಒಂದು ನಿಮಿಷ ನೆಟ್ಟಗೆ ಕೂರದಿದ್ದವನು ಅಲ್ಲಾಡಲೂ ಇಲ್ಲ. ರಫಿಯಾ ಎದ್ದು ಅವನ ಹತ್ತಿರ ಬಂದಳು. ಬಿಟ್ಟು ಹೊರಡುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ನೋಡಿ ಬೆರಳು ಮೇಲೆತ್ತಿದ. ಹಾರನ್ ಮತ್ತೆ ಹಾಕು ಎಂದು. ಹಾಕಿದೆ.

"ಅವ್ವ, ನಾನು," ಎಂದ ಮೈಕಿನಲ್ಲಿ. "ಗಂಟ್ಲು ಹಿಂಗಾಗೈತೆ. ಮಿಕ್ಕಿದ್ದೆಲ್ಲ ಹಂಗೇ ಐತೆ."

ಮತ್ತೆ ಹಾಡಿದ. ನನಗೆ ಮಿಕ್ಸರ್ ಮಂಜಾಗಿ ಕಾಣುತ್ತಿತ್ತು.

ಎರಡು ಹಾಡು ಕಳೆದಿರಬೇಕು. ಮನೆಯಲ್ಲುಡುವ ಸೀರೆಯಲ್ಲೇ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತರು. ವೇದಿಕೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ಹಾಡು ನಿಂತ ಮೇಲೆ ಕಣ್ಣು ಬಿಟ್ಟು ಚೇತನ್‌ನನ್ನು ನೋಡಿದರು, ಆಮೇಲೆ ನನ್ನ ಬಳಿ ಬಂದರು.

"ನಮ್ಮಪ್ಪನ್ ಗಂಟ್ಲು ಕಣವ್ವ ಇದು," ಎಂದರು. "ಭಜನೇಲಿ ಹಿಂಗೇ ಹಾಡೋನು."

ಚೇತನ್ ಅವರನ್ನು ಕಂಡಿದ್ದ. ಇಳಿದು ಬರಲು ಹೊರಟವನನ್ನು ಅವರೇ ಕೈ ತೋರಿಸಿ ತಡೆದರು, ಹಾಡು ಹಾಡು ಎಂದು.

ಈ ವೃತ್ತಿಯಲ್ಲಿ ನಾನು ಮೊದಲು ಕಲಿತದ್ದು ಸದ್ದು ಎಲ್ಲರಿಗೂ ಚೆನ್ನಾಗಿ ಮುಟ್ಟಬೇಕು ಎಂಬುದು. ಆದರೆ ಒಂದು ದನಿ ಎಲ್ಲಿಯವರೆಗೆ ಹೋಗಬೇಕೆಂದು ಹೇಳುವ ಹಕ್ಕು ಆ ದನಿಯವರದು, ನನ್ನದೂ ಅಲ್ಲ, ನಂಜಣ್ಣನದೂ ಅಲ್ಲ ಎಂಬುದನ್ನು ತಿಪ್ಪಸಂದ್ರ ಕಲಿಸಿತು. ಅಂದಿನಿಂದ ಕೇಳದೆ ಯಾರ ದನಿಯನ್ನೂ ಸಭೆಯಿಂದಾಚೆ ಕಳಿಸಿಲ್ಲ.

ಅವತ್ತು ಮಿಕ್ಸರ್ ಬಳಿ ಆ ತಾಯಿ ನನ್ನ ಕೈಹಿಡಿದು ಇನ್ನೂ ಒಂದು ಮಾತು ಹೇಳಿದ್ದರು: "ಅವರಪ್ಪ ಜಗ್ಲಿ ಮ್ಯಾಲೆ ಕುಂತವ್ರೆ, ಏನೂ ಕೇಳುಸ್ದೇ ಇರೋರಂಗೆ. ಆ ಹಾರನ್ನ ಒಸಿ ಜೋರ್ ಮಾಡವ್ವ."

ಟಾಕ್‌ಬ್ಯಾಕಿನಲ್ಲಿ ಚೇತನ್‌ನನ್ನು ಕೇಳಿದೆ. ಅವನು ಹೂಂ ಎಂದು ತಲೆಯಾಡಿಸಿದ. ಏರಿಸಿದೆ.