ಕಾರ್ಡಿನಲ್ಲಿ ಗಂಡಸಾದ ಅಕ್ಕ

ನನ್ನ ಅಕ್ಕ ನಾಲ್ಕು ಮಕ್ಕಳನ್ನು ಹೆತ್ತವಳು. ಆದರೂ ಸರ್ಕಾರದ ಗುರುತಿನ ಕಾರ್ಡಿನಲ್ಲಿ ಅವಳ ಹೆಸರಿನ ಕೆಳಗೆ ‘ಪುರುಷ’ ಎಂದು ಅಚ್ಚಾಗಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗುವವರೆಗೆ ಅದನ್ನು ಮನೆಯಲ್ಲಿ ಯಾರೂ ಓದಿರಲೇ ಇಲ್ಲ.

ರಾಮದುರ್ಗದಲ್ಲಿ ಅವಳ ಬಸುರಿ ಮಗಳ ಕುಬಸದ ಕಾರ್ಯವಿತ್ತು. ಬೈಲಹೊಂಗಲದಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಅಕ್ಕನ ತೊಡೆಯ ಮೇಲೆ ಕರಿಗಡಬು ತುಂಬಿದ ಸ್ಟೀಲಿನ ಡಬ್ಬಿ. ನನಗೆ ಪುಕ್ಕಟೆ ಟಿಕೆಟ್ ಕೊಟ್ಟ ಕಂಡಕ್ಟರ್ ಅಕ್ಕನ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ಅಕ್ಕಾರ, ಇದರಾಗ ಗಂಡಸು ಅಂತ ಐತ್ರಿ. ಟಿಕೆಟ್ ತಗೋಬೇಕಾಗತೈತಿ.”

“ಮಾರಿ ನೋಡಿ ಹೇಳಪಾ, ನಾ ಗಂಡಸೇನು?”

“ನಾ ಏನ್ ಮಾಡ್ಲಿರಿ? ಚೆಕ್ಕಿಂಗ್‌ನವರು ಬಂದ್ರ ನನ್ನ ನೌಕರಿ ಹೋಗತೈತಿ.”

ಬಸ್ಸಿನ ತುಂಬ ನಗೆ. ಹಿಂದೆ ಕುಳಿತಿದ್ದ, ಮೂವತ್ತರ ಆಸುಪಾಸಿನವನೊಬ್ಬ ಎದ್ದು ಬಂದ. “ಏ ಅಣ್ಣಾ, ಹೆಂಗಸರ ಸೀಟಿನ್ಯಾಗ ಯಾಕ ಕುಂತಿ? ಏಳು” ಎಂದು ಅಕ್ಕನ ಸೆರಗು ಹಿಡಿದು ಎಳೆದ.

ಅಕ್ಕ ಡಬ್ಬಿ ಎತ್ತಿ ಅವನ ಬಾಯಿಗೇ ಅಪ್ಪಳಿಸಿದಳು. ಕರಿಗಡಬಿನ ಜೊತೆ ಎರಡು ಹಲ್ಲು ಕೆಳಗೆ ಬಿದ್ದವು. ಅವನು ರಕ್ತ ಉಗುಳಿ, ಅವಳ ತುರುಬು ಹಿಡಿದು ಹಣೆಯನ್ನು ಕಂಬಿಗೆ ಬಡಿದ. ಚರ್ಮ ಸೀಳಿತು. ನಾನು ಅವನ ಕೈಗೆ ಬಾಯಿ ಹಾಕಿದೆ; ಅವನು ಕಿರುಚಿದರೂ ಹಲ್ಲು ಸಡಿಲಿಸಲಿಲ್ಲ. ಹೆಂಗಸರು ಚಪ್ಪಲಿ ಹಿಡಿದು ಎದ್ದರು, ಅವನ ಜೊತೆಗಾರರು ಮುಷ್ಟಿ ಬೀಸಿದರು. ಬಿಡಿಸಲು ಬಂದ ಕಂಡಕ್ಟರನ ಕಿವಿ ಹರಿಯಿತು. ಮುರಗೋಡ ದಾಟುವ ಹೊತ್ತಿಗೆ ಎರಡು ಕಿಟಕಿ ಒಡೆದಿದ್ದವು. ಡ್ರೈವರ್ ಬಸ್ಸನ್ನು ನೇರ ಠಾಣೆಗೆ ಒಯ್ದ.

“ಸೆರಗಿಗೆ ಕೈ ಹಾಕ್ಯಾನ್ರಿ. ಬರಕೊಳ್ರಿ” ಎಂದಳು ಅಕ್ಕ, ಹಣೆಗೆ ಸೆರಗು ಒತ್ತಿಕೊಂಡು.

ಪೊಲೀಸಪ್ಪ ಕಾರ್ಡು ನೋಡಿ ಪೆನ್ನು ಕೆಳಗಿಟ್ಟ. “ಕಾಯ್ದೇದಾಗ ಆ ಕಲಮು ಹೆಂಗಸರಿಗೆ ಅಷ್ಟ ಬರತೈತ್ರಿ. ಇದು ಗಂಡಸರ ಹೊಡದಾಟ ಆಗತೈತಿ.”

ಅಕ್ಕ ಚೀಲ ತಡಕಾಡಿ ಪಿಂಚಣಿಯ ಕಾಗದ ತೆಗೆದಳು. “ಸರ್ಕಾರದವರ ನನಗ ವಿಧವಾ ಪಗಾರ ಕೊಡತಾರಲ್ರಿ. ಗಂಡಸಿಗೆ ಎಲ್ಲಿ ಕೊಡತಾರು?”

“ಅದು ಬ್ಯಾರೆ ಇಲಾಖಾ, ಬಾಯಾರ.”

ಹೆಂಗಸರನ್ನು ಕರೆಯುವಂತೆ ‘ಬಾಯಾರ’ ಎಂದು ಕರೆದವನೇ ಅವಳನ್ನು ಗಂಡಸೆಂದು ಬರೆದುಕೊಂಡ. ಸೆರಗು ಎಳೆದವನೂ ಆರೋಪಿ, ಅಕ್ಕನೂ ಆರೋಪಿ.

ಹಣೆಗೆ ಏಳು ಹೊಲಿಗೆ ಬಿದ್ದವು. ಕುಬಸ ನಮ್ಮನ್ನು ಬಿಟ್ಟು ಮುಗಿಯಿತು. ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ‘ಸೀರೆಯುಟ್ಟು ಉಚಿತ ಪ್ರಯಾಣಕ್ಕೆ ಯತ್ನ, ವ್ಯಕ್ತಿಗೆ ಗೂಸಾ.’ ನಾನು ಓದಿ ಹೇಳಿದಾಗ ಅಕ್ಕ ಹೊಲಿಗೆ ಬಿಗಿಯುವಷ್ಟು ನಕ್ಕಳು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು; ಸಂಜೆಯವರೆಗೂ ಏಳಲಿಲ್ಲ.

ನಾಲ್ಕು ಸಲ ಅಲೆದ ಮೇಲೆ ಕಾರ್ಡು ತಿದ್ದುಪಡಿಯಾಯಿತು, ಆದರೆ ಕೇಸಿನ ಕಾಗದ ಹಾಗೇ ಉಳಿಯಿತು. ಈಗ ಅಕ್ಕ ಪುಕ್ಕಟೆ ಬಸ್ಸಿನಲ್ಲಿ ಕೋರ್ಟಿಗೆ ಹೋಗಿ, ಗಂಡಸಾಗಿ ನಿಂತು, ಪುಕ್ಕಟೆಯೇ ವಾಪಸಾಗುತ್ತಾಳೆ. ಹಲ್ಲು ಕಳಕೊಂಡ ಅವನೂ ಅದೇ ಬಸ್ಸಿಗೆ ಬರುತ್ತಾನೆ. ಮೊದಲು ಇಬ್ಬರೂ ಮುಖ ತಿರುಗಿಸುತ್ತಿದ್ದರು. ಕಳೆದ ಸಲ ಕೋರ್ಟಿನ ಕಟ್ಟೆಯ ಮೇಲೆ ಅಕ್ಕ ಬುತ್ತಿ ಬಿಚ್ಚಿದವಳು ಅವನತ್ತ ನೋಡಿದಳು.

“ರೊಟ್ಟಿ ಕಡ್ಯಾಕ ಬರತೈತೇನು?”

ಅವನು ಇಲ್ಲವೆಂದು ತಲೆಯಾಡಿಸಿದ. ಅಕ್ಕ ರೊಟ್ಟಿ ಮುರಿದು, ಪಲ್ಯದ ರಸದಲ್ಲಿ ನೆನೆಸಿ, ಮುಚ್ಚಳದಲ್ಲಿಟ್ಟು ಅವನ ಕಡೆ ತಳ್ಳಿದಳು. ತಪ್ಪಾಯಿತೆಂದು ಅವನೂ ಅನ್ನಲಿಲ್ಲ, ಇವಳೂ ಅನ್ನಲಿಲ್ಲ.